ಅಕ್ಕಾರ ಐದು ನಿಮಿಷ

ಶಾಂತಕುಮಾರ ಹೊರಗಿನಿಂದ ಚಿಲಕ ಹಾಕಿದ ಸದ್ದು ಕೇಳಿದಾಗಲೆಲ್ಲ ಧೀರೇಂದ್ರನಿಗೆ, ತಾನು ಯಾವ ಕಲಮಿನ ಕೆಳಗೆ ಶಿಕ್ಷೆ ಅನುಭವಿಸುತ್ತಿದ್ದೇನೆ ಎಂಬ ಪ್ರಶ್ನೆ ಏಳುತ್ತಿತ್ತು. ಶಹಾಬಾದಿನ ಆ ಕೋಣೆಗೆ ಗೋಡೆ, ನೆಲ, ಮಾಳಿಗೆ ಎಲ್ಲವೂ ಫರಸಿ ಕಲ್ಲು. ಸದ್ದು ಬಾರದಂತೆ ಕಿಟಕಿಗೆ ದಪ್ಪನೆಯ ಕೌದಿ ಇಳಿಬಿಟ್ಟಿದ್ದರು. ಫ್ಯಾನಿತ್ತು, ಹಾಕುವಂತಿರಲಿಲ್ಲ; ಅದರ ಗರಗರ ಮೈಕಿನೊಳಗೆ ಬರುತ್ತಿತ್ತು. ಮೊಬೈಲು ಹೊರಗೆ ಶಾಂತಕುಮಾರನ ಜೇಬಿನಲ್ಲಿ. ಯಾರಾದರೂ ಬಾಗಿಲು ತಳ್ಳಿಕೊಂಡು ಬಂದು "ಚಾ ಬೇಕೇನ್ರಿ ಸರ್" ಎಂದುಬಿಟ್ಟರೆ ಎಲ್ಲ ಹಾಳು ಎಂದು ಚಿಲಕ. ಒಳಗೆ ಒಂದು ಕುರ್ಚಿ, ಒಂದು ಕಂಪ್ಯೂಟರು, ಒಂದು ಮೈಕು, ಬೆವರುತ್ತ ಕೂತ ಒಬ್ಬ ಕಾಮರ್ಸ್ ಲೆಕ್ಚರರು. ಮತ್ತು ಆ ಲೆಕ್ಚರರ ಗಂಟಲೊಳಗೆ ಅವನ ಅತ್ತೆ.

ಅತ್ತೆ ಅಲ್ಲಿಗೆ ಹೇಗೆ ಬಂದರು ಎಂಬುದನ್ನು ಹೇಳಬೇಕು.

ಶಾಂತಕುಮಾರ ಚಿತ್ತಾಪುರದವನು, ಧೀರೇಂದ್ರನ ಕಾಲೇಜಿನ ಗೆಳೆಯ. 'ತುತ್ತು' ಎಂಬ ಆ್ಯಪ್ ಮಾಡಿದ್ದ. ಏನು ತಿಂದಿರಿ ಎಂದು ಫೋನಿಗೆ ಹೇಳಿದರೆ ಅದು ಎಷ್ಟು ಕ್ಯಾಲೊರಿ ಎಂದು ಹೇಳುತ್ತಿತ್ತು. ಪುಕ್ಕಟೆ ಇರುವ ತನಕ ಜನ ತುತ್ತಿಗೆ ಮುತ್ತಿದರು. ತಿಂಗಳಿಗೆ ಇಷ್ಟು ಅಂದಕೂಡಲೇ ಬಾಯಿ ಮುಚ್ಚಿದರು. ಹಾಗಾದರೆ ಏನು ಕೊಟ್ಟರೆ ದುಡ್ಡು ಬಿಚ್ಚುತ್ತೀರಿ ಎಂದು ಕೇಳಿಕೊಂಡು ಗೆಳೆಯರಿಬ್ಬರೂ ಸ್ಕೂಟರಿನ ಮೇಲೆ ಊರೂರು ತಿರುಗಿದರು. ವಾಡಿ ಸ್ಟೇಷನ್ನಿನ ಹೊರಗೆ ಹೋಟೆಲಿಟ್ಟ ಬಾಬುಮಿಯಾ, "ಗಿರಾಕಿ ಭಜಿಗೆ ಕೈ ಹಾಕಿದ ಕೂಡ್ಲೇ ಈ ಫೋನ್ ತಾನಾ ಬಂದ್ ಆಗ್ಬೇಕು ನೋಡ್ರಿ ಸಾಬ್. ಅದಕ್ಕ ಗಿರಾಕಿ ಯಾಕ, ನಾನಾ ರೊಕ್ಕ ಕೊಡ್ತೀನಿ" ಎಂದ. ಚಂದಾಪುರದ ಅರಿವೆ ಅಂಗಡಿಯವರು, ತಾವಾಗಿ ತಿಂದದ್ದು ಬೇರೆ, ಬೀಗರ ಮನೆಯಲ್ಲಿ ಒತ್ತಾಯಕ್ಕೆ ತಿಂದದ್ದು ಬೇರೆ ಬರೆಯಬೇಕು, ಎರಡನೆಯದರ ಪಾಪ ಬೀಗರ ಹೆಸರಿಗೆ ಹೋಗಬೇಕು ಎಂದರು. ಕೊನೆಗೆ ಚಿತ್ತಾಪುರದಲ್ಲಿ ನಾಗರತ್ನಾ ಟೀಚರು ಮಾತ್ರ ಸೊಂಟದ ಮೇಲೆ ಕೈಯಿಟ್ಟು ಖಡಕ್ಕಾಗಿ ಹೇಳಿದರು:

"ಈ ಗೆರಿ, ಬಣ್ಣ, ಪಟ್ಟಿ ಇವ್ಯಾವೂ ನನಗ ಬ್ಯಾಡ. ಎರಡನೇ ಸಲ ಅನ್ನ ಹಾಕ್ಕೊಳ್ಳೂ ಮುಂದ ಯಾರರ ನನಗ ಬೈಬೇಕು. ನಮ್ಮತ್ತಿ ಇದ್ದಾಗ ಬೈತಿದ್ದರು, ನಾ ತೆಳ್ಳಗಿದ್ದೆ. ಅವರು ಹೋದರು, ನಾ ಹಿಂಗಾದೆ. ಬೈಯೋರನ್ನ ಕೊಡ್ರಿ, ರೊಕ್ಕ ತೊಗೋರಿ."

ಶಾಂತಕುಮಾರ ಮೊದಲು ಯಂತ್ರದ ದನಿಯಲ್ಲಿ ಬೈಯಿಸಿ ನೋಡಿದ. ಅದು "ದಯವಿಟ್ಟು ತಮ್ಮ ಆಹಾರ ಸೇವನೆಯನ್ನು ಮಿತಗೊಳಿಸಿಕೊಳ್ಳಿ" ಎಂದಿತು. ಬ್ಯಾಂಕಿನವರು ಸಾಲ ಕೊಡೋದಿಲ್ಲ ಎಂದು ಹೇಳಿದ ಹಾಗೆ. ಅದನ್ನು ಕೇಳಿ ನಗು ತಡೆಯಲಾರದೆ ಧೀರೇಂದ್ರ, ಸುಮ್ಮನೆ ತಮಾಷೆಗೆ, ಚಾಷ್ಟಿಗೆಂದು, ಸೇಡಮಿನ ಮನೆಯಲ್ಲಿ ದಿನಾ ಕೇಳುವ ದನಿಯೊಂದನ್ನು ಗಂಟಲಿಗೆ ತಂದುಕೊಂಡ:

"ಏ, ಇಡು ಕೆಳಗ! ಹೊಟ್ಟಿ ಅದೇನು, ಜ್ವಾಳ ತುಂಬೋ ಹಗೇವು ಅದೇನು? ಮೇಲಿಂದ ಸುರುವ್ಲಿಕತ್ತೀಯಲ್ಲ!"

ಶಾಂತಕುಮಾರ ಕೈಯಲ್ಲಿದ್ದ ಬಿಸ್ಕೀಟನ್ನು ನಿಜವಾಗಿಯೂ ಕೆಳಗಿಟ್ಟ. ಆಮೇಲೆ ಗೆಳೆಯನನ್ನು ತಬ್ಬಿಕೊಂಡ.

ಲೆಕ್ಕಕ್ಕೆ ಕಾಸು ಬಿಚ್ಚದ ಜನ ಅಕ್ಕನಿಗೆ ಬಿಚ್ಚಿದರು. ಆ್ಯಪಿನಲ್ಲಿ ಆ ದನಿಯ ಹೆಸರು 'ಅಕ್ಕಾರು'. ಬೆಲ್ಲಕ್ಕೊಂದು ಬೈಗುಳ, ಭಜಿಗೊಂದು, ಮದುವೆಮನೆಯ ಜಿಲೇಬಿಗೆ ಬೇರೆ. ಧೀರೇಂದ್ರ ವಾರಕ್ಕೊಮ್ಮೆ ಶಹಾಬಾದಿಗೆ ಹೋಗಿ ಕೌದಿಯ ಮರೆಯಲ್ಲಿ ಕೂತು ಬೈದು ಬರುತ್ತಿದ್ದ. ಮನೆಯಲ್ಲಿ 'ಸ್ಪೆಷಲ್ ಕ್ಲಾಸ್' ಎನ್ನುತ್ತಿದ್ದ. ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಅವನ ಹೆಂಡತಿ ಶುಭಾ ಆ ಆ್ಯಪನ್ನು ತನ್ನ ತಾಯಿಗಾಗಿ ಕೊಳ್ಳುವವರೆಗೆ.

ಅವರಿದ್ದದ್ದು ಶುಭಾಳ ತವರುಮನೆಯಲ್ಲೇ. ಶುಭಾ ಸೇಡಮಿನ ಹೈಸ್ಕೂಲಿನಲ್ಲಿ ಟೀಚರು, ಮಾವನವರು ತೀರಿಕೊಂಡ ಮೇಲೆ ಅತ್ತೆ ಲೀಲಾಬಾಯಿ ಒಬ್ಬರೇ ಆಗಿದ್ದರು. ಲೀಲಾಬಾಯಿಯ ಬಾಯಿ ಓಣಿಗೆಲ್ಲ ಗೊತ್ತು. ಊರಿಗೆಲ್ಲ ಪಥ್ಯ ಹೇಳುವ ಆ ಬಾಯಿ ತನಗೆ ಸಕ್ಕರೆ ಕಾಯಿಲೆ ಬಂದಾಗ ಯಾರ ಮಾತನ್ನೂ ಕೇಳಲಿಲ್ಲ. ಡಾಕ್ಟರಿಗೆ, "ನೀವು ನಮ್ಮ ಶುಭಾನ ವಾರಿಗೀಯವ್ರು, ನಿನ್ನೆ ಮೊನ್ನೆ ಹುಟ್ಟೀರಿ, ನನಗ ಹೋಳಿಗಿ ಬಿಡು ಅಂತೀರಿ?" ಎಂದು ಕೇಳಿ ಎದ್ದು ಬಂದಿದ್ದರು. ಶುಭಾ ಅತ್ತಳು, ಹೆದರಿಸಿದಳು. ಕೊನೆಗೆ ಸಹೋದ್ಯೋಗಿಯೊಬ್ಬರ ಮಾತು ಕೇಳಿ ಒಂದು ಮಧ್ಯಾಹ್ನ ತಾಟಿನ ಮಗ್ಗುಲಲ್ಲಿ ಫೋನಿಟ್ಟು "ಅವ್ವ, ಮೂರನೇ ಭಕ್ರಿ, ತುಪ್ಪ" ಎಂದಳು.

"ಏ, ಇಡು ಕೆಳಗ!" ಎಂದಿತು ಫೋನು.

ಎದುರಿಗೆ ಊಟಕ್ಕೆ ಕೂತಿದ್ದ ಧೀರೇಂದ್ರ ತಾಟಿನ ಕಡೆ ತಲೆ ಬಗ್ಗಿಸಿದ. ಶುಭಾ ಫೋನನ್ನು ನೋಡಿದಳು, ತಾಯಿಯನ್ನು ನೋಡಿದಳು, ಆಮೇಲೆ ಬಹಳ ಹೊತ್ತು ಗಂಡನನ್ನು ನೋಡಿದಳು. ಲೀಲಾಬಾಯಿ ಮಾತ್ರ ತುಪ್ಪದ ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಕಿವಿಗೊಟ್ಟು, ಪೂರ್ತಿ ಕೇಳಿದರು.

"ಯಾರ್ವಾ ಈ ಹೆಣ್ಣಮಗಳು?" ಎಂದರು. "ಛಲೋ ಮನಿತನದಾಕಿ ಕಾಣ್ತಾಳ. ಮಾತಿಗೆ ತೂಕ ಅದ." ಚಮಚ ಬಟ್ಟಲಿಗೆ ಮರಳಿತು.

ತನ್ನ ದನಿ ತನಗೆ ಕೇಳುವುದು ತಲೆಯ ಒಳಗಿನಿಂದ. ಹೊರಗಿನಿಂದ ಬಂದರೆ ಅದು ಯಾರೋ ಬೇರೆಯವರದ್ದು. ಲೀಲಾಬಾಯಿ ಜೀವನದಲ್ಲಿ ಮೊದಲ ಸಲ ತಮ್ಮ ಸರಿಸಮಾನರೊಬ್ಬರನ್ನು ಭೇಟಿಯಾಗಿದ್ದರು.

ಅಂದು ಸಂಜೆ ಮಾಳಿಗೆಯ ಮೇಲೆ, ಒಣಹಾಕಿದ ಅರಿವೆಗಳ ನಡುವೆ, ಶುಭಾ ಗಂಡನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು.

"ನಮ್ಮವ್ವನ್ನ ವಾಡಿ, ಆಳಂದ, ಎಲ್ಲಾ ಕಡೆ ಮಾರೀರಲ್ರೀ ನೀವು!"

"ಶುಭಾ, ನಾಳೇನೇ ಬಿಟ್ಟುಬಿಡ್ತೀನಿ. ಶಾಂತ್ಯಾನಿಗೆ ಫೋನ್ ಮಾಡಿ..."

"ಬಿಡ್ತೀರಿ?" ಅವಳು ಗೋಣಲ್ಲಾಡಿಸಿದಳು. "ಅಕಿ ಇವತ್ತ ತುಪ್ಪ ಬಿಟ್ಟಾಳ. ನಾ ಅತ್ತರ ಬಿಡಲಿಲ್ಲ, ಡಾಕ್ಟರ್ ಅಂಜಿಸಿದ್ರ ಬಿಡಲಿಲ್ಲ. ಆ ದನೀಗೆ ಬಿಟ್ಟಾಳ. ಅಕಿಗೆ ತಿಳಿಬಾರದು, ನೀವು ಬಿಡಬಾರದು. ಸಕ್ರಿ ಇಳಿಯೂತನಕ ನೀವು ನಮ್ಮವ್ವನ ಅಕ್ಕ. ತಿಳೀತಿಲ್ಲೋ?"

ತಿಳಿಯಿತು. ದನಿ ಕೊಟ್ಟವನಿಗೆ ದನಿಯೇ ಧಣಿಯಾಗಿತ್ತು. ಮೇಲಾಗಿ ಶುಭಾ ಕೊಂಡದ್ದು ಮನೆಮಂದಿಗೆಲ್ಲ ಒಂದೇ ಚಂದಾ. ಅವನು ಎರಡನೇ ಭಕ್ರಿಗೆ ಕೈ ಚಾಚಿದರೆ ಅತ್ತೆ ಅದನ್ನು ಫೋನಿಗೆ ಹೇಳುತ್ತಿದ್ದರು; ಅವನದೇ ಗಂಟಲು ಫೋನಿನೊಳಗಿಂದ ಅವನನ್ನು ಹಗೇವು ಎನ್ನುತ್ತಿತ್ತು. ಅತ್ತೆ ಎದುರಿಗೆ ಕೂತು "ನೋಡ್ರಿ, ಅಕ್ಕಾರು ಅಂದ್ರಿಲ್ಲೋ? ಸಾಕು ಏಳ್ರಿ ಅಳಿಯಾರ" ಎನ್ನುತ್ತಿದ್ದರು. ಒಂದೇ ದನಿ, ಎರಡು ಕಡೆಯಿಂದ. ಅವನು ನಡುವೆ ಅರ್ಧ ಹೊಟ್ಟೆಯಲ್ಲಿ ಎದ್ದು ಕೈ ತೊಳೆಯುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಶಾಂತಕುಮಾರ ಹೊಸ ಸೌಲಭ್ಯ ತಂದ. ಹೆಚ್ಚಿನ ಚಂದಾ ಕಟ್ಟಿದವರಿಗೆ ರವಿವಾರ ಅಕ್ಕಾರ ಜತೆ ಐದು ನಿಮಿಷ ನೇರ ಮಾತು. ಸೇಡಮಿನಿಂದ ಮೊದಲು ಚಂದಾ ಕಟ್ಟಿದವರು ಲೀಲಾಬಾಯಿ. ಮಗಳಿಗೂ ಹೇಳದೆ, ತಮ್ಮ ಪೆನ್ಷನ್ನಿನಿಂದ.

ಮೊದಲ ರವಿವಾರ ಧೀರೇಂದ್ರ ಒಂದು ಉಪಾಯ ಮಾಡಿದ. ಅಕ್ಕಾರು ಎಷ್ಟು ಕೆಟ್ಟದಾಗಿ ಮಾತಾಡಬೇಕೆಂದರೆ, ಈಕೆ ಸಿಟ್ಟಿಗೆದ್ದು ತಾನಾಗಿ ಸಂಬಂಧ ಕಡಿದುಕೊಳ್ಳಬೇಕು.

"ಏ ಲೀಲಾ," ಎಂದ ಅತ್ತೆಯ ದನಿಯಲ್ಲಿ, ಏಕವಚನದಲ್ಲಿ. "ನಿನಗ ಬುದ್ಧಿ ಅದೇನು? ತುಪ್ಪ ಬಿಟ್ಟೀನಿ ಅಂತ ಊರೆಲ್ಲಾ ಸಾರಿ, ಹಿತ್ತಲದಾಗ ನಿಂತು ಬೆಲ್ಲ ತಿಂತೀ. ನಾಚ್ಕಿ ಬರೂದಿಲ್ಲ?"

ಗೆದ್ದೆ ಎಂದುಕೊಂಡ ಧೀರೇಂದ್ರ.

"ಅಕ್ಕಾರ," ಎಂದರು ಲೀಲಾಬಾಯಿ. "ನನ್ನ ಲೀಲಾ ಅಂತ ಕರಿಯೋರು ಈಗ ಯಾರೂ ಉಳಿದಿಲ್ರಿ. ನಮ್ಮವ್ವ ಹೋದ ಮ್ಯಾಲ ಇಷ್ಟು ಮನಸಿಟ್ಟು ಯಾರೂ ಬೈದಿಲ್ಲ. ಇನ್ನಷ್ಟು ಬೈರಿ."

ಅವನು ಬೈದ. ಬೈದಷ್ಟೂ ಆಕೆ ಕರಗಿದರು. ಬೆಲ್ಲ ಬಿಟ್ಟರು. ಮುಂದಿನ ವಾರ ಇನ್ನೂ ಒರಟಾದ. ಅನ್ನ ಅರ್ಧಕ್ಕೆ ಇಳಿಸಿದರು. ಅದರ ಮುಂದಿನ ವಾರ ಅಳಿಯನ ಸುದ್ದಿ ಬಂತು. "ನಮ್ಮ ಅಳಿಯಾರು ಮನಷಾ ಭಾಳ ಛಲೋ ಅಕ್ಕಾರ. ಖರೆ, ಯಾವಾಗ ನೋಡಿದ್ರೂ ಚಾಷ್ಟಿ. ಅವರು ಅಂದಿದ್ರಾಗ ಖರೆ ಯಾವುದು, ಆಟ ಯಾವುದು ಅಂತ ನನಗ ಇವತ್ತಿಗೂ ತಿಳಿದಿಲ್ಲ ನೋಡ್ರಿ. ನಿಮ್ಮ ಹಂಗ ನೆಟ್ಟಗ ಒಂದು ಮಾತು ಆಡಿಲ್ಲ." ಅಕ್ಕಾರು "ಹೂಂ" ಎಂದರು.

ರಕ್ತ ತಪಾಸಣೆಯಲ್ಲಿ ಸಕ್ಕರೆ ಇಳಿದಿತ್ತು. ಮಾಳಿಗೆಯ ಮೇಲಿನ ಆ ಸಂಜೆಯ ನಂತರ ಶುಭಾ ಮೊದಲ ಸಲ ಅವನನ್ನು ನೋಡಿ ನಕ್ಕಳು. ಧೀರೇಂದ್ರನಿಗೆ ಮಾತ್ರ ಬೇರೆ ಭಯ ಹತ್ತಿತ್ತು. ಕ್ಲಾಸಿನಲ್ಲಿ ಹುಡುಗನೊಬ್ಬ ಪೆನ್ನು ಬೀಳಿಸಿದರೆ ಬಾಯಿಂದ "ಏ, ಕೈ ತೂತು ಬಿದ್ದಾವೇನೋ ನಿಂದು!" ಎಂದು ಅತ್ತೆಯ ದನಿ ಬರುತ್ತಿತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಿಟ್ಟು ಬಂದಾಗ, ನಿದ್ದೆಗಣ್ಣಿನಲ್ಲಿ, ಅವನದೇ ದನಿ ಹುಡುಕಿದರೆ ಸಿಗುತ್ತಿರಲಿಲ್ಲ. ಇನ್ನು ತಡಮಾಡಿದರೆ ತಾನು ಪೂರ್ತಿ ಲೀಲಾಬಾಯಿಯಾಗಿ ಉಳಿದುಬಿಡುತ್ತೇನೆ ಅನ್ನಿಸಿ, ಬರುವ ರವಿವಾರ ಸ್ವಂತ ದನಿಯಲ್ಲಿ ಎಲ್ಲ ಹೇಳಿ, ಕಾಲಿಗೆ ಬಿದ್ದು, ಬಿಡುಗಡೆ ಪಡೆಯುವುದೆಂದು ನಿಶ್ಚಯಿಸಿದ.

ಆ ರವಿವಾರ ಏಕಾದಶಿ. ಶುಭಾ ತರಬೇತಿಗೆಂದು ಬೆಳಗ್ಗೆಯೇ ಚಿಂಚೋಳಿಗೆ ಹೋಗಿದ್ದಳು. ಹೊರಗೆ ಚಿಲಕ ಬಿತ್ತು. ಶಾಂತಕುಮಾರನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಕಂಪ್ಯೂಟರಿಗೆ ಕರೆ ಬಂತು.

"ಅಕ್ಕಾರ..." ದನಿ ಸಣ್ಣಗಿತ್ತು.

ಧೀರೇಂದ್ರ ಕಣ್ಣು ಮುಚ್ಚಿಕೊಂಡ. ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅತ್ತೆಯವ್ರ, ನಾನ್ರಿ. ಧೀರೇಂದ್ರ."

"ಅಳಿಯಾರ? ಅಕ್ಕಾರ ಫೋನ್ ನಿಮ್ಮ ಕೈಯಾಗ ಯಾಕ ಬಂತು?"

"ಅಕ್ಕಾರು ಅಂತ ಯಾರೂ ಇಲ್ರಿ. ಇಷ್ಟು ದಿವಸ ಮಾತಾಡಿದಾಂವ ನಾನಾ. ನಿಮ್ಮ ದನಿ ನಾನಾ ತೆಗೀತಿದ್ದೆ. ತಪ್ಪಾತ್ರಿ, ನನ್ನ..."

"ನಿಮ್ಮ ಚಾಷ್ಟಿಗೆ ಹೊತ್ತು ಗೊತ್ತು ಇಲ್ಲೇನ್ರಿ?" ಲೀಲಾಬಾಯಿಯ ಮಾತು ತಡವರಿಸುತ್ತಿತ್ತು. "ನನ್ನ ಐದು ನಿಮಿಷ ತಿನ್ನಬ್ಯಾಡ್ರಿ. ಅಕ್ಕಾರಿಗೆ ಕೊಡ್ರಿ. ಕೈ ನಡಗಾಕತ್ಯಾವ... ಮೈಯೆಲ್ಲಾ ಬೆವರು ಬಿಟ್ಟದ... ಏನ್ ಮಾಡಬೇಕು ಅಂತ ಅವರನ್ನ ಕೇಳಬೇಕು."

ಧೀರೇಂದ್ರ ಮೈಕಿಗೆ ಬಾಗಿದ. "ಅತ್ತೆಯವ್ರ, ಮುಂಜಾನಿಂದ ಏನರ ತೊಗೊಂಡೀರೇನು?"

"ಏಕಾದಶಿ ದಿವಸ ಏನ್ ತೊಗೊಳ್ಳೂದ್ರಿ? ನಿನ್ನಿ ರಾತ್ರಿನೂ ಉಂಡಿಲ್ಲ, ದಶಮಿ."

"ಮಾತ್ರಿ?"

"ಮಾತ್ರಿ ನುಂಗೀನಲ್ಲ. ಅಕ್ಕಾರು ಮಾತ್ರಿ ತಪ್ಪಸಬ್ಯಾಡ ಅಂದಾರ."

ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ. ಹೇಳಿದವನು ಅವನೇ. "ಈಗಿಂದೀಗ ಹಾಲಿಗೆ ಸಕ್ರಿ ಹಾಕ್ಕೊಂಡು ಕುಡೀರಿ! ಅತ್ತೆಯವ್ರ, ಕೇಳ್ರಿ, ಚಾಷ್ಟಿ ಅಲ್ಲ..."

"ಏಕಾದಶಿ ದಿವಸ ಸಕ್ರಿ ಹಾಲು! ನನಗ! ಸಕ್ರಿ ಬ್ಯಾನಿಯಾಕಿಗೆ!" ಆಕೆ ಅಳುತ್ತಿದ್ದರೋ, ಸೋತಿದ್ದರೋ. "ಅಕ್ಕಾರು ಕೇಳಿದ್ರ ಏನಂದಾರು..."

ಅವನು ಎದ್ದು ಬಾಗಿಲು ಬಡಿದ. "ಶಾಂತ್ಯಾ! ಲೇ ಶಾಂತ್ಯಾ!" ಕಲ್ಲಿನ ಗೋಡೆ, ಕೌದಿ, ಎಲ್ಲವೂ ಅವನ ಕೂಗನ್ನು ನುಂಗಿದವು. ನೆರೆಮನೆಗೆ ಹೇಳೋಣವೆಂದರೆ ಮೊಬೈಲಿಲ್ಲ. ಸೇಡಂ ಎಲ್ಲಿ, ಶಹಾಬಾದ್ ಎಲ್ಲಿ. ಕಂಪ್ಯೂಟರಿನೊಳಗಿಂದ ಅತ್ತೆಯ ಉಸಿರು ಮಾತ್ರ ಬರುತ್ತಿತ್ತು, ಮತ್ತು ಒಂದೇ ಮಾತು: "ಅಕ್ಕಾರಿಗೆ ಕೊಡ್ರಿ."

ಅವನು ಬಂದು ಕುರ್ಚಿಯಲ್ಲಿ ಕೂತ. "ಕೊಡ್ತೀನಿ ತಡೀರಿ" ಎಂದ, ತನ್ನ ದನಿಯಲ್ಲಿ. ಒಂದು ಕ್ಷಣ ಬಿಟ್ಟು ಉಸಿರೆಳೆದುಕೊಂಡ.

"ಏ ಲೀಲಾ!" ಗೋಡೆ ಗುಂಯ್ ಎಂದಿತು. "ಮಾತ್ರಿ ನುಂಗಿ ಉಪಾಸ ಮಾಡು ಅಂತ ಯಾವ ಸ್ವಾಮಿಗೋಳು ಹೇಳ್ಯಾರ ನಿನಗ? ಬ್ಯಾನಿ ಇದ್ದೋರ ಏಕಾದಶಿ ಹಾಲು ಹಣ್ಣಿನ್ಯಾಗ ಆಗ್ತದ, ಅಷ್ಟೂ ತಿಳೀದಷ್ಟು ಸಣ್ಣಾಕಿ ಏನು ನೀ? ಏಳು! ಗ್ವಾಡಿ ಹಿಡ್ಕೊಂಡು ಏಳು! ಹಾಲು ಎಲ್ಲದ?"

"ಒಲಿ ಮ್ಯಾಲ..."

"ತೊಗೋ. ಸಕ್ರಿ ಹಾಕು. ಒಂದಲ್ಲ, ಎರಡು ಚಮಚ. ಮೂರು ಹಾಕು! ನಾ ಹೇಳಾಕತ್ತೀನಿ, ಹಾಕು!"

ಡಬ್ಬಿಯ ಮುಚ್ಚಳ ಬಿದ್ದು ಉರುಳಿದ ಸದ್ದು. ಲೋಟಕ್ಕೆ ಚಮಚ ತಾಗುವ ಸದ್ದು. ಆಮೇಲೆ ಗುಟುಕು, ಇನ್ನೊಂದು ಗುಟುಕು. ಧೀರೇಂದ್ರ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪ್ರತಿ ಗುಟುಕನ್ನೂ ಕೇಳಿದ. ಮಾತು ನಿಲ್ಲಿಸಿದರೆ ಆಕೆ ನಿಲ್ಲಿಸಿಯಾರೆಂದು ಬೈಯುತ್ತಲೇ ಇದ್ದ. ಲೋಟ ಹಿಡಿಯುವ ರೀತಿಗೆ, ಕುಳಿತ ರೀತಿಗೆ, ಹುಟ್ಟಿದ ತಿಥಿಗೆ.

ಐದು ನಿಮಿಷ ಯಾವಾಗಲೋ ಮುಗಿದಿತ್ತು. ಆ್ಯಪು ಕರೆಯನ್ನು ಕಡಿಯಲಿಲ್ಲ.

"ಅಕ್ಕಾರ," ಎಂದರು ಕೊನೆಗೆ ಲೀಲಾಬಾಯಿ. ದನಿಯಲ್ಲಿ ಜೀವ ಬಂದಿತ್ತು. "ಈಗ ಕೈ ನಿಂತಾವ್ರಿ. ನೀವು ಇದ್ದೀರಿ ಅಂತ ಆತು. ಅಳಿಯಾರ ಕೈಯಾಗ ಇದ್ದಿದ್ರ ನಾ ಹೋಗೇಬಿಡ್ತಿದ್ದೆ. ಅವರು ಅಲ್ಲೇ ಅದಾರೇನು?"

ಮೈಕಿನ ಮುಂದೆ ಧೀರೇಂದ್ರನ ಬಾಯಿ ತೆರೆದುಕೊಂಡಿತು.

"ಅದಾರ," ಎಂದರು ಅಕ್ಕಾರು.

"ಅವರಿಗೆ ಏನೂ ಅನಬ್ಯಾಡ್ರಿ, ಪಾಪ, ಸ್ವಭಾವನಾ ಹಂಗದ. ಖರೆ ಇನ್ನಮ್ಯಾಲ ಫೋನ್ ಹತ್ತರ ಬಿಡಬ್ಯಾಡ್ರಿ ಅವರನ್ನ. ಮಾತು ಕೊಡ್ರಿ ನನಗ."

ಹೊರಗೆ ಶಾಂತಕುಮಾರನ ಚಪ್ಪಲಿ ಮೆಟ್ಟಿಲೇರಿ ಬರುತ್ತಿತ್ತು.

"ಬಿಡಂಗಿಲ್ಲ ಲೀಲಾ," ಎಂದರು ಅಕ್ಕಾರು. "ನೀ ಮಲಕೊ."