ಎಲ್ಲ ಮರಕ್ಕೂ ಐದು

ಹೆಂಡತಿ ಸತ್ತ ಮೇಲೆ ನನಗೆ ಏನೂ ಆಗಲಿಲ್ಲ. ಹೀಗೆಂದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ, ಅದಕ್ಕೇ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಅವಳು ಹೋದದ್ದು ಪೀಚ್ ಮರಗಳು ಮೊಗ್ಗು ಒಡೆಯುವ ವಾರದಲ್ಲಿ. ಮುಂದಿನ ವಾರವೇ ನಾನು ಕೆಲಸಕ್ಕೆ ಹೋದೆ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗಿತ್ತು ಇಡೀ ಮೈ. ತಿಂದೆ, ಮಲಗಿದೆ, ಬಸ್ಸು ಹತ್ತಿದೆ, ಇಳಿದೆ.

ನನ್ನ ಕೆಲಸ ಹೊಸ ತಳಿಯ ಪೀಚ್ ಹುಟ್ಟಿಸುವುದು. ಒಂದು ಮರದ ಹೂವಿನಿಂದ ಕೇಸರವನ್ನು ಚಿಮಟದಲ್ಲಿ ಕಿತ್ತು, ಇನ್ನೊಂದು ಮರದ ಪರಾಗವನ್ನು ಕುಂಚದಲ್ಲಿ ಸವರಿ, ಚೀಲ ಕಟ್ಟಿ, ಆದ ಹಣ್ಣಿನ ಗೊರಟನ್ನು ಬಿತ್ತಿ, ಗಿಡ ಫಸಲಿಗೆ ಬರುವವರೆಗೆ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಕಾಯುವುದು. ಆಮೇಲೆ ವರ್ಣನೆ. ವರ್ಣನೆ ಅಂದರೆ ಕವಿಗಳು ಮಾಡುತ್ತಾರಲ್ಲ, ಅದಲ್ಲ. ಇಪ್ಪತ್ತೈದು ಎಲೆಗಳ ಉದ್ದ ಅಗಲ. ಎಲೆಯ ತೊಟ್ಟಿನ ಹತ್ತಿರದ ಸಣ್ಣ ಗಂಟು ದುಂಡಗಿದೆಯೋ ಹುರುಳಿ ಬೀಜದ ಹಾಗೆ ಬಾಗಿದೆಯೋ. ಸಿಪ್ಪೆಯ ಬಣ್ಣ, ಅದನ್ನೂ ಉತ್ತರದ ಕಿಟಕಿಯ ಬೆಳಕಲ್ಲಿ ಬಣ್ಣದ ಪಟ್ಟಿಗೆ ಹೋಲಿಸಿಯೇ ಬರೆಯಬೇಕು. ತಿರುಳು ಗೊರಟಿಗೆ ಅಂಟುತ್ತದೋ, ಬಿಟ್ಟುಕೊಡುತ್ತದೋ. ಎಲ್ಲ ಮುಗಿದ ಮೇಲೆ ಕೊನೆಯ ಕಾಲಂ: ರುಚಿ. ಒಂದರಿಂದ ಒಂಬತ್ತರವರೆಗೆ ಒಂದು ಅಂಕ, ಪಕ್ಕದಲ್ಲಿ ರುಚಿ ನೋಡಿದವರ ಸಹಿ.

ಇದಕ್ಕೊಂದು ನಿಯಮ ಉಂಟು. ಸತತ ಮೂರು ವರ್ಷ ಆರು ದಾಟಿದ ಮರದಿಂದ ಮಾತ್ರ ಕಸಿ ಕಟ್ಟುತ್ತೇವೆ, ಅದಕ್ಕೆ ಮಾತ್ರ ತಳಿಯೆಂಬ ಪದವಿ. ಯಾವುದೇ ವರ್ಷ ಆರಕ್ಕಿಂತ ಕೆಳಗೆ ಬಂದರೆ ಸುಗ್ಗಿ ಮುಗಿದ ಸೋಮವಾರ ಗರಗಸದವನು ಬರುತ್ತಾನೆ. ಅವನಿಗೆ ಪಟ್ಟಿ ಕೊಟ್ಟರೆ ಸಾಕು, ಪ್ರಶ್ನೆ ಕೇಳುವ ಜಾಯಮಾನವಲ್ಲ. ಈ ನಿಯಮ ಮಾಡಿದವನು ನಾನೇ. ಹದಿನೇಳು ವರ್ಷದ ಹಿಂದೆ, ಯಾರೋ ದೊಡ್ಡವರ ಮುಲಾಜಿಗೆ ಬಿದ್ದು ಒಂದು ಸಪ್ಪೆ ಮರವನ್ನು ಉಳಿಸಿಕೊಂಡ ಸಿಟ್ಟಿನಲ್ಲಿ.

ಕಚೇರಿಯಲ್ಲಿ ನನ್ನನ್ನು ಬೆನ್ನ ಹಿಂದೆ 'ನಾಲಿಗೆ' ಅನ್ನುತ್ತಾರೆ. ಮಾತು ಜಾಸ್ತಿ ಅಂತಲ್ಲ, ನಾನು ಆಡುವುದೇ ಕಡಿಮೆ. ನಾನು ಕೊಟ್ಟ ರುಚಿಯ ಅಂಕ ಒಂದು ಸಲವೂ ಸುಳ್ಳಾಗಿಲ್ಲ ಅಂತ. ನಾನು ಏಳು ಕೊಟ್ಟ ಹಣ್ಣನ್ನು ಜನ ಮೆಚ್ಚಿದ್ದಾರೆ, ನಾನು ನಾಲ್ಕು ಕೊಟ್ಟದ್ದನ್ನು ಹಟಕ್ಕೆ ಬೆಳೆದವರು ಕೈ ಸುಟ್ಟುಕೊಂಡಿದ್ದಾರೆ. "ನಾಲಿಗೆ ಹೇಳಿದ ಮೇಲೆ ಮುಗೀತು" ಅಂತ ಅವರ ಮಾತು.

ಆ ನಾಲಿಗೆ ನನ್ನದಲ್ಲ. ನನ್ನದು ಮರದ ಹಲಗೆ. ಸಿಹಿ, ಹುಳಿ ಬಿಟ್ಟರೆ ಮೂರನೆಯದು ಗೊತ್ತಾಗುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಪ್ರತಿ ಸಂಜೆ ಮರದ ನಂಬರು ಬರೆದ ಚೀಲಗಳನ್ನು ಮನೆಗೆ ತರುತ್ತಿದ್ದೆ. ಹೆಂಡತಿ ಅಡುಗೆಮನೆಯ ಸಿಂಕಿನ ಮೇಲೆ ಬಗ್ಗಿ, ರಸ ಮೊಣಕೈಗೆ ಇಳಿಯದ ಹಾಗೆ ತೋಳು ಮೇಲೆತ್ತಿ ತಿನ್ನುತ್ತಿದ್ದಳು. ಬಾಯಿಂದ ಅಭಿಪ್ರಾಯ ಹೇಳಿದವಳಲ್ಲ. ನಾನು ಅವಳ ಕೈ ನೋಡಿ ಬರೆಯುತ್ತಿದ್ದೆ. ಒಂದು ಕಚ್ಚಿ ಕಸದ ಬುಟ್ಟಿಗೆ ಹಾಕಿದರೆ ಎರಡು. ಅರ್ಧ ತಿಂದು "ತಗೊಳ್ಳಿ, ನೀವೇ ತಿನ್ನಿ" ಅಂತ ನನ್ನ ಕೈಗೆ ತುರುಕಿದರೆ ಐದು. ಮುಕ್ಕಾಲು ತಿಂದ ಮೇಲೆ ಗಂಡ ಅಂತ ಒಬ್ಬ ನಿಂತಿರುವುದು ನೆನಪಾದರೆ ಏಳು. ಗೊರಟು ಬಿಳಿಚುವ ಹಾಗೆ ಚೀಪಿ ಬಿಸಾಡಿದರೆ ಎಂಟು. ಗೊರಟು ಬಿಸಾಡಿ, ನನ್ನ ಕಡೆ ನೋಡದೆ, ಚೀಲಕ್ಕೆ ಮತ್ತೆ ಕೈ ಹಾಕಿದರೆ ಒಂಬತ್ತು. ಹದಿನೇಳು ವರ್ಷದಲ್ಲಿ ಒಂಬತ್ತು ಬಂದದ್ದು ಒಂದೇ ಸಲ. ಆ ಮರ ಮರುವರ್ಷ ಗೋಂದು ಸುರಿಸಿಕೊಂಡು ಒಣಗಿಹೋಯಿತು.

"ಎಷ್ಟು ಹಾಕಿದ್ರಿ?" ಅಂತ ಕೈ ತೊಳೆಯುತ್ತ ಕೇಳುವಳು.

"ಏಳು."

"ಏಳಂತೆ! ಸಹಿ ಮಾಡಿ ಮಾಡಿ, ದೊಡ್ಡ ಮನುಷ್ಯರು."

ಈ ವರ್ಷ ಚೀಲಗಳನ್ನು ಮನೆಗೆ ತರಲಿಲ್ಲ. ಅಳತೆ ಕೆಲಸ ಸಲೀಸಾಗಿ ಸಾಗಿತು, ಅಳತೆಗೆ ಮನಸ್ಸು ಬೇಕಿಲ್ಲ. ರುಚಿಯ ಕಾಲಂ ಬಂದಾಗ ಕಚೇರಿಯ ಮೇಜಿನ ಹತ್ತಿರವೇ ಕೂತು ಒಂದೊಂದು ಹಣ್ಣಿಗೂ ಚಾಕು ಹಾಕಿ ತುಂಡು ಬಾಯಿಗಿಟ್ಟೆ. ಒದ್ದೆ ಇತ್ತು. ಅಷ್ಟೇ ಗೊತ್ತಾದದ್ದು. ಐದು ಅಂತ ಬರೆದೆ. ಮುಂದಿನದಕ್ಕೂ ಐದು. ಅರವತ್ತೆರಡು ಮರ ಮುಗಿಯುವಷ್ಟರಲ್ಲಿ ಪೆನ್ನು ತಾನಾಗಿ ಬರೆಯುತ್ತಿತ್ತು. ಅದು ತಪ್ಪು ಅಂತ ನನಗೆ ಹೊಳೆಯಲೇ ಇಲ್ಲ. ಆಗ ಯಾರಾದರೂ ನನ್ನನ್ನು ಹೇಗಿದ್ದೀರಿ ಅಂತ ಕೇಳಿದ್ದರೂ ಐದು ಅಂತಲೇ ಹೇಳುತ್ತಿದ್ದೆನೇನೋ.

ಶುಕ್ರವಾರ ಮೇಡಂ ಕರೆದರು. ಮೇಡಂ ಅಂದರೆ ಈಗ ನಮ್ಮ ಹಣ್ಣು ಸಂಶೋಧನಾ ಕೇಂದ್ರದ ಮುಖ್ಯಸ್ಥೆ. ಚಿಮಟ ಹಿಡಿಯುವುದನ್ನು ನನ್ನ ಹತ್ತಿರ ಕಲಿತವಳು. ಮೇಜಿನ ಮೇಲೆ ನನ್ನ ಪಟ್ಟಿ ಇತ್ತು.

"ಏನ್ ಸರ್ ಇದು? ಎಲ್ಲಾದಕ್ಕೂ ಐದು."

"ಹಣ್ಣು ಈ ಸಲ ಹಾಗೇ ಇದೆ."

"ಹದಿನಾಲ್ಕನೇ ಸಾಲಿನ ಒಂಬತ್ತನೇ ಮರಕ್ಕೂ?"

ಹದಿನಾಲ್ಕು-ಒಂಬತ್ತು ನಮ್ಮೆಲ್ಲರ ಆಸೆಯ ಮರ. ಬಿಳಿ ತಿರುಳು, ಗೊರಟಿನ ಸುತ್ತ ಕೆಂಪು, ಸಿಪ್ಪೆಯ ಮೇಲೆ ತುಪ್ಪಟ ಇದ್ದೂ ಇಲ್ಲದ ಹಾಗೆ. ಎರಡು ವರ್ಷ ಎಂಟು, ಎಂಟು. ಈ ವರ್ಷ ಆರು ದಾಟಿದ್ದರೆ ತಳಿ. ಕಸಿ ಇನ್ನೂ ಕಟ್ಟಿಲ್ಲದ ಕಾರಣ ಅಂಥ ಮರ ಜಗತ್ತಿನಲ್ಲಿ ಅದೊಂದೇ. ಅದು ಹುಟ್ಟಿದ ಗೊರಟು ಕೇಂದ್ರದ ತಂಪು ಪೆಟ್ಟಿಗೆ ಕೆಟ್ಟ ವರ್ಷದ್ದು. ಮೊಳೆಯುವ ಮುಂಚೆ ಬೇಕಾದ ಚಳಿಗೆಂದು ಮೂರು ತಿಂಗಳು ನಮ್ಮ ಮನೆಯ ಫ್ರಿಜ್ಜಿನಲ್ಲಿ ಹಸಿ ಮರಳಿನ ಡಬ್ಬಿಯಲ್ಲಿ ಮಲಗಿತ್ತು. "ಈ ಮನೇಲಿ ತರಕಾರಿಗೆ ಜಾಗ ಇಲ್ಲ, ಮಣ್ಣಿಗಿದೆ" ಅಂತ ದಿನಾ ಬೈಸಿಕೊಂಡಿದ್ದೆ.

"ಹೋದ ವರ್ಷದ ಎಂಟು ಹೇಗಿತ್ತು ಸರ್? ಅದಕ್ಕೂ ಈ ವರ್ಷದ್ದಕ್ಕೂ ಏನು ವ್ಯತ್ಯಾಸ? ಅಷ್ಟು ಹೇಳಿ ಸಾಕು."

ಆಗ ನನಗೆ ತಿಳಿಯಿತು, ಹದಿನಾಲ್ಕು-ಒಂಬತ್ತರ ಹಣ್ಣನ್ನು ಹೋದ ವರ್ಷ ನಾನು ತಿಂದೇ ಇಲ್ಲ. ಅದರ ಹಿಂದಿನ ವರ್ಷವೂ ಇಲ್ಲ. ನನ್ನ ಪಾಲಿಗೆ ಬರುತ್ತಿದ್ದದ್ದು ಅವಳಿಗೆ ಬೇಡವಾದದ್ದು; ಚೀಲದಲ್ಲಿ ಉಳಿದ ಒಳ್ಳೆಯವನ್ನು ಮರುದಿನ ಅವಳೇ ಮುಗಿಸುತ್ತಿದ್ದಳು. ಹದಿನೇಳು ವರ್ಷ ನಾನು ತಿಂದದ್ದೆಲ್ಲ ಐದರ ಹಣ್ಣು, ಹೆಚ್ಚೆಂದರೆ ಏಳರ ಕೊನೆಯ ಕಾಲುಭಾಗ. ಎಂಟರ ಗೊರಟು ಮಾತ್ರ ನೋಡಿದ್ದೆ.

ಇದನ್ನೆಲ್ಲ ಮೇಡಂಗೆ ಹೇಳಿಬಿಟ್ಟೆ. ಪತ್ರಿಕೆಯ ಸುದ್ದಿ ಓದುವವನ ಹಾಗೆ, ಮೊದಲಿನಿಂದ ಕೊನೆವರೆಗೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹದಿನೇಳು ವರ್ಷದ ದಾಖಲೆ ಸರ್! ಇದನ್ನ ನಾನು ಯಾರ ಮುಂದೆ ಹೋಗಿ ಹೇಳ್ಲಿ?"

"ಅಂಕಗಳು ಸರಿಯಾಗೇ ಇವೆ."

"ಅದೇ ಅಲ್ವಾ ತಲೆನೋವು." ಪಟ್ಟಿಯನ್ನು ನನ್ನ ಕಡೆ ತಳ್ಳಿದರು. "ನಾನಂತೂ ಎಂಟು ಬರ್ಕೊಳ್ಳಿ ಅಂತ ಹೇಳಲ್ಲ. ನೀವೂ ಸುಮ್ನೆ ಬರೀಬೇಡಿ. ಮರದಲ್ಲಿ ಇನ್ನೂ ನಾಲ್ಕಾರು ಹಣ್ಣಿದೆ. ಸೋಮವಾರ ಬೆಳಿಗ್ಗೆ ಒಂದು ಅಂಕ ಬೇಕು, ಯಾರು ತಿಂದ್ರೋ ಅವರದ್ದೇ ಸಹಿ ಇರ್ಬೇಕು. ಇಲ್ಲಾಂದ್ರೆ ಪಟ್ಟಿ ಹೀಗೇ ಗರಗಸದವನ ಕೈಗೆ ಹೋಗತ್ತೆ."

ಮರದಲ್ಲಿ ಆರು ಹಣ್ಣು ಉಳಿದಿದ್ದವು, ಎಲ್ಲ ಕಿತ್ತೆ. ಹೋಲಿಕೆಗೆ ಪಕ್ಕದ ಹತ್ತನೇ ಮರದಿಂದಲೂ ನಾಲ್ಕು. ಮನಸ್ಸಿಲ್ಲದಿದ್ದರೂ ಕ್ರಮ ಬಿಡಬಾರದು.

ಶನಿವಾರ ನಾದಿನಿ ಬಂದಳು. ಅಕ್ಕ ಹೋದ ಮೇಲೆ ಪ್ರತಿ ಶನಿವಾರ ಊಟದ ಡಬ್ಬಿ ಹೊತ್ತು ಬರುತ್ತಾಳೆ, ಫ್ರಿಜ್ಜು ಒರೆಸುತ್ತಾಳೆ, ಹೋಗುತ್ತಾಳೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ನಾಲಿಗೆಯೂ ಒಂದೇ ಇರಬಹುದು ಅಂತ ಲೆಕ್ಕ ಹಾಕಿ ಎರಡೂ ಮರದ ಹಣ್ಣು ಕೊಟ್ಟೆ. ಕಚ್ಚಿದ ಕೂಡಲೇ ಅವಳ ಕಣ್ಣು ತುಂಬಿತು.

"ಚೆನ್ನಾಗಿದೆ ಭಾವ."

"ಯಾವುದು?"

"ಎರಡೂ ಚೆನ್ನಾಗಿದೆ. ಅಕ್ಕ ಇದ್ದಿದ್ರೆ..." ಅಂತ ಸಿಂಕಿನ ನಲ್ಲಿ ಬಿಟ್ಟು ಮುಖ ತೊಳೆದಳು. ಕಣ್ಣೀರು ಬೆರೆತ ಮೇಲೆ ಯಾವ ಹಣ್ಣಿನ ಅಂಕವೂ ನಂಬಿಕೆಗೆ ಬರುವುದಿಲ್ಲ. ಅದನ್ನು ದಾಖಲಿಸಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು, ಅಳು ಅಷ್ಟು ಸುಲಭವಾಗಿ ಬರುತ್ತದಲ್ಲ ಅಂತ.

ಭಾನುವಾರ ಮಧ್ಯಾಹ್ನ ಊಟ ಮಾಡಿ, ಎರಡು ಗಂಟೆ ಬಿಟ್ಟು, ಬಾಯಿ ಮುಕ್ಕಳಿಸಿ ಸಿಂಕಿನ ಮುಂದೆ ನಿಂತೆ. ಎಡಕ್ಕೆ ಹತ್ತನೇ ಮರದ ಚೀಲ, ಬಲಕ್ಕೆ ಒಂಬತ್ತನೆಯದು. ಪಟ್ಟಿ ಕಿಟಕಿಯ ಕಟ್ಟೆಯ ಮೇಲೆ. ಮೊದಲು ಹತ್ತನೆಯದನ್ನು ಕಚ್ಚಿದೆ. ಒದ್ದೆ. ಬಲಗಡೆಯದನ್ನು ಬಾಯಿಗಿಡುವಷ್ಟರಲ್ಲಿ ಫೋನು ಬಂತು, ನಾದಿನಿ. ಒಂದು ಕೈಯಲ್ಲಿ ಹಣ್ಣು, ಒಂದು ಕೈಯಲ್ಲಿ ಫೋನು.

"ಭಾವ, ಅಕ್ಕನ ಬೀರು ಬಗ್ಗೆ. ಬಟ್ಟೆಗಳು ಹಾಗೇ ಇದ್ರೆ ಹುಳ ಹಿಡಿಯತ್ತೆ."

"ಹೂಂ."

"ನೀಲಿ ಸ್ವೆಟರ್ ನಾನು ಇಟ್ಕೊಳ್ಲಾ? ಬೇಜಾರಿಲ್ಲ ತಾನೆ?"

"ಇಟ್ಕೋ."

"ಉಳಿದಿದ್ದು ಯಾರಿಗಾದ್ರೂ ಕೊಡೋಣ. ನೀವು ಬೀರು ತೆಗೀಬೇಡಿ, ಶನಿವಾರ ನಾನೇ ಬಂದು ಮಾಡ್ತೀನಿ. ಏನು ಭಾವ, ಏನೋ ತಿಂತಿದೀರಾ?"

"ಕೆಲಸ ಮಾಡ್ತಿದೀನಿ," ಅಂದೆ.

ಅವಳು ಇನ್ನೂ ಏನೇನೋ ಹೇಳಿದಳು, ನಾನು ಹೂಂಗುಟ್ಟಿದೆ. ಫೋನು ಇಟ್ಟು ಪೆನ್ನು ತೆಗೆದುಕೊಳ್ಳೋಣವೆಂದರೆ ಕೈ ಅಂಟು. ನಲ್ಲಿ ತಿರುಗಿಸಲು ಹೋಗಿ ಸಿಂಕಿನೊಳಗೆ ನೋಡಿದೆ.

ಎರಡು ಗೊರಟು ಬಿದ್ದಿದ್ದವು. ಬಿಳಿಚುವ ಹಾಗೆ ಚೀಪಿದ ಗೊರಟು. ಮೂರನೆಯ ಹಣ್ಣು ನನ್ನ ಕೈಯಲ್ಲಿತ್ತು, ಅದಕ್ಕೂ ಹಲ್ಲು ತಾಗಿತ್ತು. ಹತ್ತನೇ ಮರದ್ದು ಒಂದು ಕಚ್ಚು ಬಿದ್ದು ಸಿಂಕಿನ ಅಂಚಿನಲ್ಲಿ ಕಪ್ಪಾಗುತ್ತಿತ್ತು. ಹಸಿವಿತ್ತೇ ಅಂತ ಯೋಚಿಸಿದೆ, ಹೊಟ್ಟೆ ತುಂಬಿತ್ತು. ರುಚಿ ಹೇಗಿತ್ತು ಅಂತ ನೆನಪಿಸಿಕೊಳ್ಳಲು ನೋಡಿದೆ, ಏನೂ ಸಿಕ್ಕಲಿಲ್ಲ. ಆದರೆ ನಾನು ಹದಿನೇಳು ವರ್ಷ ಅಂಕ ಹಾಕಿದ್ದು ರುಚಿಗಲ್ಲ, ಕೈಗೆ. ರಸ ನನ್ನ ಮೊಣಕೈವರೆಗೆ ಇಳಿದಿತ್ತು.

ಆಗ ನನಗೆ ಸಿಟ್ಟು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಬಂದದ್ದು, ಅದೂ ಅವಳ ಮೇಲೆ. ಎರಡು ವರ್ಷ ಇದೇ ಜಾಗದಲ್ಲಿ ನಿಂತು ಇದನ್ನು ತಿಂದಿದ್ದಾಳೆ, ನಾನು ಒಂದು ಮಾರು ದೂರದಲ್ಲಿ ಪೆನ್ನು ಹಿಡಿದು ನಿಂತಿದ್ದೆ, ಇವರಿಗೂ ಕೊಡೋಣ ಅನ್ನಿಸಲಿಲ್ಲ.

"ಒಂದು ತುಂಡು ಉಳಿಸಬಾರದಿತ್ತೇನೇ?" ಅಂದೆ. ಜೋರಾಗಿಯೇ ಅಂದಿರಬೇಕು, ಪಾತ್ರೆಗಳ ಮಧ್ಯೆ ದನಿ ಮೊಳಗಿತು. "ಒಂದೇ ಒಂದು ತುಂಡು!"

ಉತ್ತರ ಬರಲಿಲ್ಲ. ಉತ್ತರ ಬರುವುದಿಲ್ಲ ಅಂತ ಆಗ ಗೊತ್ತಾಯಿತು, ನಾಲ್ಕು ತಿಂಗಳು ತಡವಾಗಿ. ಸಿಂಕಿನ ಅಂಚು ಹಿಡಿದುಕೊಂಡು ನಿಂತೆ. ತುಂಬ ಹೊತ್ತು ಅತ್ತೆ. ನನ್ನಂಥ ವಯಸ್ಸಿನವನು ಅಳುವಾಗ ಶಬ್ದ ಚೆನ್ನಾಗಿರುವುದಿಲ್ಲ.

ಆಮೇಲೆ ಕೈ ತೊಳೆದು, ಒರೆಸಿ, ಪಟ್ಟಿ ತೆಗೆದುಕೊಂಡೆ. ಹದಿನಾಲ್ಕನೇ ಸಾಲು, ಒಂಬತ್ತನೇ ಮರ. ಐದನ್ನು ಹೊಡೆದು ಹಾಕಿ ಒಂಬತ್ತು ಬರೆದೆ. ಉಳಿದ ಅರವತ್ತೊಂದು ಮರಗಳ ಐದು ಹಾಗೇ ಇದ್ದವು. ಅವುಗಳ ಬಗ್ಗೆ ನಾಳೆ ಬೆಳಿಗ್ಗೆ ಮೇಡಂ ಹತ್ತಿರ ಒಂದು ವರ್ಷದ ವಾಯಿದೆ ಬೇಡಬೇಕು, ಬೈಸಿಕೊಳ್ಳಬೇಕು. ರುಚಿ ನೋಡಿದವರ ಸಹಿ ಅನ್ನುವ ಜಾಗದಲ್ಲಿ ಪೆನ್ನು ಸ್ವಲ್ಪ ತಡೆಯಿತು. ಹದಿನೇಳು ವರ್ಷ ಅವಳ ಬಾಯಿಗೆ ನಾನು ಸಹಿ ಹಾಕಿದ್ದೆ. ಈ ಸಲ ತಿಂದವನು ನಾನು. ಸಹಿ ಮಾಡಿದೆ, ಮೂರನೆಯ ಹಣ್ಣನ್ನು ಮುಗಿಸಿದೆ.