ಮಾಲತೇಶನಿಗೆ ಕೊಟ್ಟ ಸೊನ್ನೆ

ಸೋಮವಾರ ಬೆಳಗ್ಗೆ ಸೌಂದರ್ಯಾ ಬೆಂಗಳೂರಿನ ರೈಲಿಳಿದು ಹುಬ್ಬಳ್ಳಿ ಕೇಶ್ವಾಪುರದ ಮನೆಗೆ ಬಂದಾಗ ಅತ್ತೆ ಶರಣವ್ವ ಬಾಗಿಲು ತೆರೆದು, ಮುಖ ನೋಡದೆ ಒಳಗೆ ಹೋದಳು. ಹಿಂದಿನ ಸಂಜೆ ಟಿವಿಯಲ್ಲಿ ಸೊಸೆ ಏನು ಮಾಡಿದಳೆಂಬುದು ಓಣಿಗೆಲ್ಲ ಗೊತ್ತಾಗಿತ್ತು.

ಸೌಂದರ್ಯಾ ಮನೆಯ ಮಹಡಿಯಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಿದ್ದಳು. ಆ ವರ್ಷ ಖಾಸಗಿ ವಾಹಿನಿಯೊಂದು ನಟನಟಿಯರನ್ನು ಕುಣಿಸುವ ಸ್ಪರ್ಧೆಗೆ ಮೂವರು ತೀರ್ಪುಗಾರರಲ್ಲಿ ಒಬ್ಬಳಾಗಿ ಅವಳನ್ನು ಕರೆದಿತ್ತು. ಅರ್ಧ ಅಂಕ ತೀರ್ಪುಗಾರರದು, ಇನ್ನರ್ಧ ಜನರ ವೋಟಿನದು. ಎರಡೂ ಸೇರಿಸಿ ಕೊನೆಯಲ್ಲಿ ಉಳಿದವರು ಆ ವಾರ ಮನೆಗೆ.

ಸ್ಪರ್ಧಿಗಳಲ್ಲಿ ಧಾರಾವಾಹಿಯ ಹಾಸ್ಯನಟ ಮಾಲತೇಶನೂ ಇದ್ದ. ಊರು ಉಪ್ಪಿನಬೆಟಗೇರಿ, ಶರಣವ್ವನ ತವರೂ ಅದೇ. ದಪ್ಪ ಮೈ, ತಾಳದ ಮೇಲೆ ಹಿಡಿತವಿಲ್ಲ. ಹೆಜ್ಜೆ ಮರೆತಾಗ ನಿಂತಲ್ಲೇ ತನ್ನೂರಿನ ಮಾತಿನಲ್ಲಿ ಏನಾದರೂ ಅಂದುಬಿಡುತ್ತಿದ್ದ, ಸಭೆ ಬಿದ್ದು ಬಿದ್ದು ನಗುತ್ತಿತ್ತು. ತೀರ್ಪುಗಾರರು ವಾರವಾರವೂ ಅವನನ್ನು ತಳಕ್ಕೆ ಹಾಕುತ್ತಿದ್ದರು, ವೋಟುಗಳು ಎತ್ತಿ ಮೇಲೆ ಕೂರಿಸುತ್ತಿದ್ದವು. ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದ ಹುಬ್ಬಳ್ಳಿಯ ಮುಸ್ಕಾನ್ ಹೀಗೆಯೇ ಒಂದು ವಾರ ಹೊರಬಿದ್ದಳು. ಅಂದು ಸೌಂದರ್ಯಾ ವೇದಿಕೆಯ ಮೇಲೆಯೇ, ಜನ ನಿಮ್ಮ ಮಾತಿಗೆ ವೋಟು ಹಾಕಿ ಅವಳ ಕುಣಿತವನ್ನು ಮನೆಗೆ ಕಳಿಸಿದರು ಎಂದು ಮಾಲತೇಶನಿಗೆ ಹೇಳಿದಳು. ಆಗಿನಿಂದ ಅವಳ ಮೊಬೈಲಿಗೆ ಬೈಗುಳ ಬರತೊಡಗಿದವು.

ಆ ಭಾನುವಾರ ಸೆಮಿಫೈನಲ್‌ನಲ್ಲಿ ಮಾಲತೇಶ ಅರ್ಧ ಹಾಡಿಗೇ ಕುಸಿದು ಕೂತ. ಕೂತಲ್ಲೇ ಕೈಯಾಡಿಸಿ ಹಾಡು ಮುಗಿಸಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಉಳಿದಿಬ್ಬರು ತೀರ್ಪುಗಾರರು ಕಣ್ಣೊರೆಸಿಕೊಂಡು ಪೂರ್ತಿ ಅಂಕ ಕೊಟ್ಟರು. ಸೌಂದರ್ಯಾ ಸೊನ್ನೆ ಎತ್ತಿ ಹಿಡಿದಳು.

"ಇದಕ್ಕ ಅಂಕ ಇಲ್ಲ. ನೀವು ಮನಿಗೆ ಹೋಗ್ರಿ," ಎಂದಳು.

ಆದರೂ ವೋಟುಗಳು ಮಾಲತೇಶನನ್ನು ಫೈನಲ್‌ಗೆ ಏರಿಸಿದವು. ವಾಹಿನಿ ಅವಳ ಆ ಮಾತನ್ನು ವಾರವಿಡೀ ಮತ್ತೆ ಮತ್ತೆ ತೋರಿಸಿತು. ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಮಹಡಿ ಹತ್ತಿ ಬಂದು ಗೆಜ್ಜೆ ತೆಗೆದುಕೊಂಡು ಹೋದರು. ಒಬ್ಬಾಕೆ, ಕುಸಿದು ಕೂತವನನ್ನು ಹೀಗಳೆಯುವವರ ಹತ್ತಿರ ನಮ್ಮ ಹುಡುಗಿ ಏನು ಕಲಿತಾಳು ಎಂದು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಅಂದಳು. ಗಂಡ ಕುಮಾರಸ್ವಾಮಿಗೆ ಹತ್ತಿಯ ದಲ್ಲಾಳಿ ಅಂಗಡಿ ಇತ್ತು. ಉಪ್ಪಿನಬೆಟಗೇರಿಯ ರೈತರು ಪಕ್ಕದ ಅಂಗಡಿಗೆ ತಿರುಗಿದರು. ತಪ್ಪಾಯಿತೆಂದು ಒಂದು ವಿಡಿಯೋ ಹಾಕಿಬಿಡು ಎಂದು ಅವನು ಊಟದ ಮುಂದೆ ಕೂತಾಗಲೆಲ್ಲ ಹೇಳಿದ. ಅವಳು ಹಾಕಲಿಲ್ಲ.

ಗುರುವಾರ ಮಧ್ಯಾಹ್ನ ಶರಣವ್ವ ಓಣಿಯ ಹೆಂಗಸರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿಕೊಂಡು, ಫೈನಲ್‌ನ ವೋಟಿಗಾಗಿ ಮೊಬೈಲಿನಲ್ಲಿ ಮಾಲತೇಶನ ಹೆಸರನ್ನು ಒತ್ತುವುದು ಹೇಗೆಂದು ತೋರಿಸುತ್ತಿದ್ದಳು. ಸೌಂದರ್ಯಾ ಮಹಡಿಯಿಂದ ಇಳಿದು ಬಂದಳು.

"ಅತ್ಯಾರ, ಒತ್ತಬ್ಯಾಡ್ರಿ. ಅವರ ಮೊಣಕಾಲು ಹೋಗೇತಿ. ಸೂಜಿ ಮಾಡಿಸ್ಕೊಂಡು ಕುಣದಾರ, ನಾ ಕಣ್ಣಾರೆ ನೋಡೇನಿ."

"ಅವನ್ನ ಸೋಲಿಸಾಕ ಇನ್ನೇನೇನು ಹೇಳ್ತಿಯೋ ಹೇಳು," ಎಂದಳು ಶರಣವ್ವ. "ನಮ್ಮ ಮಾತು ಕೇಳಿದ್ರ ಬೆಂಗಳೂರಾಗ ನಗ್ತಿದ್ರು. ಅದ ಮಾತು ಆಡಿ ಅಂವ ಅವರನ್ನೆಲ್ಲ ಎಬ್ಬಿಸಿ ನಿಂದ್ರಿಸ್ಯಾನ. ನೀ ಕಾಲು ನೋಡಿ ಅಂಕ ಕೊಡಾಕಿ. ನಾವು ಮನಷ್ಯಾನ್ನ ನೋಡ್ತೇವಿ."

"ಮನಷ್ಯಾನ್ನ ನೋಡಾವ್ರು ಅವನ ಮೊಣಕಾಲೂ ನೋಡಬೇಕ್ರಿ."

ಶರಣವ್ವ ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು ಗುಂಡಿ ಒತ್ತಿದಳು. ಉಳಿದ ಹೆಂಗಸರೂ ಒತ್ತಿದರು.

ಫೈನಲ್‌ನಲ್ಲಿ ಮಾಲತೇಶ ಪಲ್ಲವಿ ಮುಗಿಯುವವರೆಗೆ ನಿಂತ. ಆಮೇಲೆ ಇಬ್ಬರು ಸಹನರ್ತಕರು ಅವನನ್ನು ಹೊತ್ತು ತಿರುಗಿದರು. ಸೌಂದರ್ಯಾ ಯಾವ ಅಂಕವನ್ನೂ ತೋರಿಸದೆ ಫಲಕವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ವೋಟಿನ ಬಲದಿಂದ ಟ್ರೋಫಿ ಮಾಲತೇಶನದಾಯಿತು. ಆ ಸಂಜೆ ಕೇಶ್ವಾಪುರದಲ್ಲಿ ಹುಡುಗರು ಪಟಾಕಿ ಹಚ್ಚಿದ್ದು ಸೌಂದರ್ಯಾಳ ಮನೆಯ ಗೇಟಿನ ಮುಂದೆಯೇ.

ಕೆಲವು ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಮಾಲತೇಶನಿಗೆ ಸನ್ಮಾನ ಏರ್ಪಾಟಾಯಿತು. ಶರಣವ್ವ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಹೋದಳು. ಕತ್ತಲಾಗುವ ಮೊದಲೇ ತಿರುಗಿ ಬಂದವಳು ಡಬ್ಬಿಯನ್ನು ಹಾಗೆಯೇ ಕಟ್ಟೆಯ ಮೇಲಿಟ್ಟು, ಸೊಸೆಯ ಎದುರು ಕೂತಳು. ಅವನನ್ನು ಕುರ್ಚಿ ಸಮೇತ ವೇದಿಕೆಗೆ ಎತ್ತಿದರಂತೆ. ಆಪರೇಶನ್ ಆಗಲೇಬೇಕು, ಆದರೂ ಮೊದಲಿನಂತೆ ನಡೆಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರಂತೆ. ಸ್ಪರ್ಧೆ ಬಿಟ್ಟು ಹೋಗುತ್ತೇನೆ ಎಂದು ಅವನು ಅಂದಾಗಲೆಲ್ಲ ವಾಹಿನಿಯವರು, ಇಷ್ಟೊಂದು ಜನಕ್ಕೆ ಇಲ್ಲ ಅನ್ನುತ್ತೀಯಾ ಎಂದು ಬಂದ ವೋಟುಗಳನ್ನು ತೋರಿಸುತ್ತಿದ್ದರಂತೆ.

"ನಾ ಹೇಳಿದ್ದೆ," ಎಂದಳು ಸೌಂದರ್ಯಾ.

"ನಮಗ ಹೇಳಿದಿ. ಅವಗ ಏನು ಹೇಳಿದಿ? ಅಂವ ಸೂಜಿ ಮಾಡಿಸ್ಕೊಳ್ಳುವಾಗ ನೀ ಬಾಗಲದಾಗ ನಿಂತಿದ್ದಿಯಂತ. ಒಳಗ ಬಂದು ಬ್ಯಾಡ ಅನ್ನಲಿಲ್ಲಂತ. ಹೋಗಿ ಕುರ್ಚಿ ಮ್ಯಾಲೆ ಕುಂತು ಸೊನ್ನಿ ಕೊಟ್ಟಿ."

ಸೆಮಿಫೈನಲ್ ಸಂಜೆ ಸೌಂದರ್ಯಾ ಆ ಬಾಗಿಲಲ್ಲಿ ನಿಂತದ್ದು ನಿಜ. ಸ್ಪರ್ಧಿಗಳ ಕೋಣೆಗೆ ತೀರ್ಪುಗಾರರು ಹೋಗಬಾರದೆಂಬ ನಿಯಮವಿತ್ತು. ಆಗ ಅವಳಿಗೆ ಅಡ್ಡ ಬಂದದ್ದು ನಿಯಮವೊಂದೇ ಅಲ್ಲ, ಮುಸ್ಕಾನ್ ಹೊರಬಿದ್ದ ಸಿಟ್ಟೂ ಎದೆಯಲ್ಲಿತ್ತು.

"ವೋಟು ಒತ್ತಿದವ್ರು ನೀವರಿ," ಎಂದಳು ಕೊನೆಗೆ.

"ಒತ್ತೇನಿ. ಒತ್ತಿಲ್ಲ ಅಂತ ನಾ ಅಂದ್ನೇನು?" ಎಂದು ಶರಣವ್ವ ಎದ್ದು ದೇವರಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ಮುಂದಿನ ಸೀಸನ್‌ಗೂ ನೀವೇ ಬೇಕು ಎಂದು ವಾಹಿನಿಯವರು ಫೋನ್ ಮಾಡಿದರು; ನಿಮ್ಮ ಸೊನ್ನೆಯಿಂದಲೇ ಜನ ಆ ಪಾಟಿ ವೋಟು ಹಾಕಿದ್ದು ಎಂದು ನಕ್ಕರು. ಸೌಂದರ್ಯಾ ಉತ್ತರಿಸದೆ ಕರೆ ಕಡಿದಳು. ಮರುದಿನ ಬೆಳಗ್ಗೆ ಯಾರಿಗೂ ಹೇಳದೆ ಧಾರವಾಡಕ್ಕೆ ಹೋಗಿ, ಅಲ್ಲಿಂದ ಉಪ್ಪಿನಬೆಟಗೇರಿಯ ಬಸ್ಸು ಹತ್ತಿದಳು.

ಮಾಲತೇಶ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಅವಳನ್ನು ಕಂಡು ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿದ.

"ನೋಡಾಕ ಬಂದ್ರಿ? ನೋಡ್ರಿ."

"ಅವತ್ತು ನಾ ಒಳಗ ಬರಬೇಕಿತ್ತು," ಎಂದಳು ಸೌಂದರ್ಯಾ.

"ಬರಬೇಕಿತ್ತು," ಎಂದ ಅವನು. ಕೂರಿ ಅನ್ನಲಿಲ್ಲ. ಅವಳು ಬಿಸಿಲಿನಲ್ಲೇ ನಿಂತಿದ್ದಳು. ಯಾರು ಬಂದಿದ್ದಾರೆಂದು ಒಳಗಿನಿಂದ ಅವನ ತಾಯಿ ಕೇಳಿದಳು.

"ಬಂದವ್ರು ಹೊಂಟಾರ, ಯವ್ವಾ," ಎಂದ ಮಾಲತೇಶ.

ಸೌಂದರ್ಯಾ ಬಸ್ ನಿಲ್ದಾಣದ ಕಡೆ ನಡೆದಳು.