ನೂರು ತುಂಬಿದ ತಂಗುಮನೆ

ಬೆಟ್ಟದ ನೆತ್ತಿಯಲ್ಲಿರುವ ಚಾರಣಿಗರ ತಂಗುಮನೆಯನ್ನು ನನ್ನ ತಾಯಿಯ ತವರಿನ ಬಡಗಿಗಳು ನಾಲ್ಕು ತಲೆಮಾರಿನಿಂದ ನೋಡಿಕೊಂಡು ಬಂದಿದ್ದಾರೆ. ಈಗಿನ ಬಡಗಿ ನನ್ನ ಸೋದರಮಾವ. ಕೆಲಸದಲ್ಲಿ ಎತ್ತಿದ ಕೈ, ಆದರೆ ಬಾಯಿಗೆ ಬೀಗವಿಲ್ಲ.

ಹೋದ ವರ್ಷ ಇಲಾಖೆಯಿಂದ ಕಾಗದ ಬಂತು. ನೂರು ವರ್ಷ ದಾಟಿದ ತಂಗುಮನೆಗಳು ಉಳಿಯುತ್ತವೆ, ಮಿಕ್ಕವನ್ನು ಕೆಡವಲಾಗುವುದು. ಅಧಿಕಾರಿ ಪರಿಶೀಲನೆಗೆ ಬರುವ ದಿನ ನಾನೂ ಅಲ್ಲಿದ್ದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಅತ್ತೆ ಗಂಡನಿಗೆ ಬೆಳಗಿನಿಂದ ಹೇಳಿದ್ದೇ ಹೇಳಿದ್ದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಏದುಸಿರು ಬಿಡುತ್ತ ಬಂದ ಅಧಿಕಾರಿ, ಬಾಗಿಲು ಗಟ್ಟಿಮುಟ್ಟಾಗಿದೆ ಎಂದದ್ದೇ ತಪ್ಪಾಯಿತು. ಮಾವ ಉಬ್ಬಿಹೋದ. ಬಾಗಿಲು ಹೋದ ಬೇಸಿಗೆಯಲ್ಲಿ ತಾನೇ ಮಾಡಿದ್ದು, ಗೋಡೆಯ ಹಲಗೆಗಳು ಐದು ವರ್ಷದವು, ಚಾವಣಿ ಇನ್ನೂ ಮೂರು ಮಳೆಗಾಲ ಕಂಡಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಅಧಿಕಾರಿ ಒಂದನ್ನೂ ಬಿಡದೆ ಬರೆದುಕೊಂಡರು. ಅತ್ತೆ ಹಣೆ ಚಚ್ಚಿಕೊಂಡಳು.

"ಹಾಗಾದ್ರೆ ಇದರಲ್ಲಿ ಹಳೇದು ಅನ್ನೋದು ಏನಿದೆ?" ಎಂದು ಅಧಿಕಾರಿ ಕೇಳಿದರು.

ಮಾವ ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಚಾವಣಿಗೆ ಹಳೆಯದೊಂದನ್ನು ಹುಡುಕುತ್ತ ಕಣ್ಣಾಡಿಸಿದ. ನನಗೆ ನಗುವೂ ಬಂತು, ಸಂಕಟವೂ ಆಯಿತು. ಈ ಮನೆ ಹೋದರೆ ಅವನು ಬದುಕುವುದಾದರೂ ಯಾತಕ್ಕೆ?

ಅತ್ತೆ ಸಲಾಕೆ ತಂದು ಒಂದು ಹಲಗೆ ಎಬ್ಬಿಸಿದಳು. ಹಿಂಬದಿಯಲ್ಲಿ ಇಸವಿಗಳ ಸಾಲು ಕೊರೆದಿತ್ತು. ಹಲಗೆ ಬದಲಿಸುವಾಗ ಹಳೆಯದರ ಇಸವಿಗಳನ್ನೆಲ್ಲ ಹೊಸದರ ಹಿಂಬದಿಗೆ ಇಳಿಸಿ, ಕೆಳಗೆ ಆ ವರ್ಷದ್ದನ್ನು ಸೇರಿಸುವುದು ಈ ಬಡಗಿಗಳ ಪದ್ಧತಿ. ಎಲ್ಲಕ್ಕಿಂತ ಮೇಲಿನ ಇಸವಿಗೆ ನೂರಾ ಹನ್ನೆರಡು ವರ್ಷವಾಗಿತ್ತು. ಅಧಿಕಾರಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಕೀಳಿಸಿದರು, ಮತ್ತೊಂದು ಕೀಳಿಸಿದರು, ಕೊನೆಗೆ ತಾವೇ ಸಲಾಕೆ ಹಿಡಿದರು. ಸಂಜೆಯ ಹೊತ್ತಿಗೆ ಅರ್ಧ ಗೋಡೆ ನೆಲದ ಮೇಲಿತ್ತು. ಎಲ್ಲ ಹಲಗೆಗಳಲ್ಲೂ ಮೊದಲ ಇಸವಿ ಅದೇ. ಅಧಿಕಾರಿ ಸಹಿ ಹಾಕಿ ಬೆಟ್ಟ ಇಳಿದರು. ಗೋಡೆಯನ್ನು ಮತ್ತೆ ಜೋಡಿಸಲು ಮಾವನಿಗೆ ಎರಡು ದಿನ ಹಿಡಿಯಿತು. ಎರಡು ದಿನವೂ ಸಿಳ್ಳೆ ಹಾಕುತ್ತಲೇ ಇದ್ದ.

ತಿಂಗಳು ಕಳೆದ ಮೇಲೆ ಆದೇಶ ಬಂತು. ಅತ್ತೆ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದಳು: ಈ ತಂಗುಮನೆ ಇನ್ನು ಮುಂದೆ ಸಂರಕ್ಷಿತ ಸ್ಮಾರಕ, ಇದರ ಒಂದು ಹಲಗೆಯನ್ನಾಗಲಿ ಮೊಳೆಯನ್ನಾಗಲಿ ಯಾರೂ ಬದಲಿಸಕೂಡದು.

ಮಾವ ಚಾವಣಿಯ ಮೇಲೆ ನಾಲ್ಕು ಮೊಳೆ ಕಚ್ಚಿಕೊಂಡು ಕೂತಿದ್ದ. ಅವನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡು ಕೆಳಗಿಳಿದ.

"ಕೆಡವಿದ್ರೆ ಒಂದೇ ದಿನಕ್ಕೆ ಮುಗೀತಿತ್ತು," ಅಂದ. "ಈಗ ಇದು ಬೀಳೋದನ್ನ ನಾನು ಕೂತು ನೋಡಬೇಕು."